ಹಗ್ಗ ಯಾವ ವರ್ಗಕ್ಕೆ ಸೇರುತ್ತದೆ?

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಬೀದಿಯ ಮಕ್ಕಳ ಕೈಯಿಂದ ತಾವು ಒಂದು ಹಗ್ಗವನ್ನು ಕಿತ್ತುಕೊಂಡಿದ್ದೀರಿ. ಅದರಿಂದಾಗಿ ಒಂದೋ ನನ್ನ ಮಗಳು ಶಾಲೆ ಬಿಡಬೇಕು, ಇಲ್ಲವೇ ನಾನು ಕೆಲಸ ಬಿಡಬೇಕು ಎನ್ನುವ ಸ್ಥಿತಿ ಬಂದಿದೆ. ಎರಡರಲ್ಲಿ ಯಾವುದು ಇಲಾಖೆಗೆ ಹೆಚ್ಚು ಸಮ್ಮತ ಎಂದು ಕೇಳಲು ತಮ್ಮ ಕಚೇರಿಗೆ ಬಂದೆ, ಅರ್ಜಿ ಕೊಟ್ಟೆ, ಬೆಂಚಿನ ಮೇಲೆ ಕೂತೆ, ಬೆಂಚಿನ ಮೇಲೆ ಕೂತವರ ಜೊತೆ ಸ್ನೇಹವನ್ನೂ ಬೆಳೆಸಿಕೊಂಡೆ. ಉತ್ತರ ಮಾತ್ರ ಸಿಗಲಿಲ್ಲ. ಆದ್ದರಿಂದ ಊರವರೆಲ್ಲ ಓದುವ ಹಾಗೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ಖಾಸಗಿಯಾಗಿ ಬರೆದದ್ದನ್ನು ತಾವು ಓದುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಾನಾದರೂ ಇನ್ನೇನು ಮಾಡಲಿ?

ನಾನು ಬಸ್ ಕಂಡಕ್ಟರ್. ದಿನದ ಮೊದಲ ಪಾಳಿ ನನ್ನದು. ಗಂಡ ಲಾರಿ ಓಡಿಸುತ್ತಾರೆ. ಹೊರಟರೆಂದರೆ ವಾರಗಟ್ಟಲೆ ಮನೆಯ ಕಡೆ ಮುಖವಿಲ್ಲ. ಮನೆಯಲ್ಲಿ ಎರಡನೇ ತರಗತಿಯ ಮಗಳು, ಮಂಡಿನೋವಿನ ಅತ್ತೆ. ಊರವರು ಇನ್ನೂ ಹಲ್ಲುಜ್ಜುತ್ತಿರುವ ಹೊತ್ತಿಗೆ ನಾನು 'ಒಳಗೆ ಹೋಗಿ, ಒಳಗೆ ಹೋಗಿ' ಎಂದು ಗಂಟಲು ಹರಿದುಕೊಳ್ಳುತ್ತಿರುತ್ತೇನೆ. ಕಂಡವರ ಮಕ್ಕಳನ್ನು ಹತ್ತಿಸಿಕೊಂಡು, ಜಾಗ ಮಾಡಿಕೊಟ್ಟು, ಅವರವರ ಶಾಲೆಯ ಮುಂದೆ ಜೋಪಾನವಾಗಿ ಇಳಿಸಿ ಸೀಟಿ ಊದುತ್ತೇನೆ. ಅದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಹಾಗಾದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ಶಾಲೆಗೆ ಬಿಡುವವರು ಯಾರು? ಆ ಪ್ರಶ್ನೆಗೆ ನಮ್ಮಲ್ಲಿದ್ದ ಉತ್ತರವೇ ಆ ಹಗ್ಗ.

ಹಗ್ಗದ ಸಂಗತಿ ತಮಗೆ ಗೊತ್ತು, ಓದುವವರಿಗೆ ಗೊತ್ತಿಲ್ಲವಲ್ಲ, ಹೇಳುತ್ತೇನೆ. ನಮ್ಮ ಬೀದಿಯಿಂದ ಶಾಲೆಗೆ ನಡೆದೇ ಹೋಗಬೇಕು, ನಡುವೆ ಒಂದು ದೊಡ್ಡ ರಸ್ತೆ ದಾಟಬೇಕು. ಬೀದಿಯ ತಾಯ್ತಂದೆಯರಲ್ಲಿ ಮುಕ್ಕಾಲು ಪಾಲು ಜನ ಶಾಲೆಯ ಗಂಟೆಗಿಂತ ಮೊದಲೇ ಕೆಲಸಕ್ಕೆ ಓಡುವವರು. ಹೋದ ವರ್ಷ ಮೂಲೆ ಅಂಗಡಿಯ ಟೈಲರಣ್ಣ ಒಂದು ಉದ್ದನೆಯ ದಪ್ಪ ಹಗ್ಗ ತಂದರು. ಅವರ ಮಗಳೂ ಅದೇ ಶಾಲೆ. ಹಗ್ಗಕ್ಕೆ ಮೊಳಕ್ಕೊಂದರಂತೆ ಗಂಟು ಹಾಕಿ, ಒಂದೊಂದು ಗಂಟಿಗೂ ಒಂದೊಂದು ಮಗುವಿನ ಮನೆಯ ಹಳೆಯ ಬಟ್ಟೆ ಸುತ್ತಿ ಹೊಲಿದರು. ಯಾರ ಬಟ್ಟೆಯೋ ಅವರದ್ದೇ ಗಂಟು. ಶಾಲೆಯ ಅಂಗಳ ಮುಟ್ಟುವವರೆಗೆ ಕೈಬಿಡುವ ಹಾಗಿಲ್ಲ. ಮುಂದಿನ ತುದಿ ಟೈಲರಣ್ಣನದು. ಹಿಂದಿನ ತುದಿ, ಆ ದಿನ ಯಾರಿಗೆ ಬಿಡುವಿದೆಯೋ ಆ ಅಮ್ಮನದೋ ಅಪ್ಪನದೋ. ನನ್ನ ವಾರದ ರಜೆಯ ದಿನ ಹಿಂದಿನ ತುದಿ ನಾನು ಹಿಡಿಯುತ್ತಿದ್ದೆ. ಹಗ್ಗ ಪ್ರತಿ ಬಾಗಿಲ ಮುಂದೆ ನಿಂತು ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿತ್ತು, ಥೇಟ್ ನಮ್ಮ ಬಸ್ಸಿನ ಹಾಗೆ. ಚಿಲ್ಲರೆಯ ಜಗಳವೊಂದು ಇರಲಿಲ್ಲ.

ಇಲ್ಲಿ ನನ್ನ ಮಗಳ ವಿಷಯ ಹೇಳಲೇಬೇಕು. ಒಂದನೇ ತರಗತಿಯಲ್ಲಿ ಶಾಲೆ ಎಂದರೆ ಅವಳಿಗೆ ಹೊಟ್ಟೆನೋವು. ಸಮವಸ್ತ್ರ ಕಂಡರೆ ಮಂಚದ ಕೆಳಗೆ. ಅತ್ತೆ ಹೇಗೋ ಎಳೆದುಕೊಂಡು ಹೋದರೂ ಗೇಟಿನಲ್ಲಿ ಅವಳ ಕೈ ಬಿಡಿಸಲು ಇಬ್ಬರು ಬೇಕಾಗುತ್ತಿತ್ತು. ತರಗತಿಯಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, "ಬೇಜಾರ್ ಮಾಡ್ಕೋಬೇಡಿ, ಮಗೂಗೆ ಮಾತು ಬರುತ್ತಲ್ವಾ?" ಎಂದು ಕೇಳಿದ್ದರು. ಹಗ್ಗ ಶುರುವಾದ ಮೇಲೆ ಮೊದಮೊದಲು ತನ್ನ ಗಂಟು ಹಿಡಿದು ತಲೆ ತಗ್ಗಿಸಿಕೊಂಡು ನಡೆದಳು. ಮಕ್ಕಳು ದಾರಿಯುದ್ದಕ್ಕೂ ಮಗ್ಗಿ ಹೇಳುವುದು, ಒಬ್ಬರನ್ನೊಬ್ಬರು ರೇಗಿಸುವುದು, ನಾಯಿ ಕಂಡರೆ ಒಟ್ಟಿಗೆ ಕಿರುಚುವುದು. ಅದರೊಳಗೆ ಇವಳೂ ಯಾವಾಗ ಸೇರಿಕೊಂಡಳೋ! ಒಂದು ದಿನ ನಾನು ಹಿಂದಿನ ತುದಿಯಲ್ಲಿದ್ದಾಗ, ತನ್ನ ಹಿಂದಿನ ಗಂಟಿನ ಹುಡುಗನ ಕಡೆ ತಿರುಗಿ, "ಏಯ್, ಎಳೀಬೇಡ್ವೋ! ನಿಮ್ಮಪ್ಪನ ಮನೆ ಬಸ್ಸಾ ಇದು?" ಎಂದು ಗದರಿಬಿಟ್ಟಳು. ಅಕ್ಷರಶಃ ನನ್ನ ಡೈಲಾಗು! ಮಗಳ ಬಾಯಲ್ಲಿ ಅಂಥ ಮಾತು ಕೇಳಿ ಬೈಯಬೇಕಾಗಿದ್ದ ತಾಯಿ ನಾನು, ನಡುರಸ್ತೆಯಲ್ಲಿ ಕಣ್ಣೊರೆಸಿಕೊಂಡೆ. ಅಷ್ಟು ಸಂತೋಷ ನನಗೆ ಆಮೇಲೆ ಆಗಿಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದು ಹಾಳಾದದ್ದು ಹೇಗೆ? ಎಲ್ಲವೂ ತಮ್ಮದೇ ತಪ್ಪು ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಈ ಗ್ರಹಚಾರವನ್ನು ನಾವೇ ಕೈಯಾರೆ ಕರೆದು ಕೂರಿಸಿಕೊಂಡೆವು. ಶಾಲಾ ಚಟುವಟಿಕೆಗಳಲ್ಲಿ ಪೋಷಕರು ಎಷ್ಟರಮಟ್ಟಿಗೆ ಪಾಲ್ಗೊಳ್ಳುತ್ತಿದ್ದಾರೆ, ಪುರಾವೆ ತೋರಿಸಿ ಎಂದು ತಾವು ಎಲ್ಲ ಶಾಲೆಗಳಿಗೂ ಹೇಳಿ ಕಳಿಸಿದಿರಿ. ನಮ್ಮ ಮುಖ್ಯೋಪಾಧ್ಯಾಯಿನಿ, ಮಕ್ಕಳ ಬಾಯಲ್ಲಿ ದೊಡ್ಡ ಮೇಡಂ, ಪಾಪ, ತಲೆ ಕೆರೆದುಕೊಂಡರು. ಸಭೆಗೆ ಕರೆದರೆ ನಾವು ಬರುವವರಲ್ಲ, ಬಂದರೂ ಗಡಿಯಾರ ನೋಡುತ್ತ ಕೂರುವವರು. ಆಗ ಟೈಲರಣ್ಣ, "ಯೋಚ್ನೆ ಯಾಕೆ ಮೇಡಂ? ಹಗ್ಗ ತೋರ್ಸೋಣ. ಸಾಹೇಬ್ರು ಕಣ್ಣಾರೆ ನೋಡ್ಲಿ" ಎಂದರು. ನಾವೆಲ್ಲ ಕುಣಿದಾಡಿಬಿಟ್ಟೆವು. ತಾವು ಭೇಟಿಗೆ ಬಂದ ದಿನ ಹಗ್ಗಕ್ಕೆ ಬಣ್ಣದ ಕಾಗದ ಸುತ್ತಿದ್ದೇನು, ಮಕ್ಕಳ ತಲೆ ಬಾಚಿದ್ದೇನು! ರಜೆ ಹಾಕಿ ಬಂದ ತಾಯ್ತಂದೆಯರೇ ಮಕ್ಕಳಿಗಿಂತ ಹೆಚ್ಚಾಗಿದ್ದರು. ತಾವು ಗೇಟಿನಲ್ಲಿ ನಿಂತು ಚಪ್ಪಾಳೆ ತಟ್ಟಿದಿರಿ. "ಭೇಷ್, ಭೇಷ್" ಎಂದಿರಿ. ಫೋಟೋ ತೆಗೆಸಿದಿರಿ. ಆಮೇಲೆ, ಏನೋ ಮಾತಿಗೆ ಕೇಳುವವರ ಹಾಗೆ, "ಇದಕ್ಕೆ ಪರ್ಮಿಷನ್ ಯಾರು ಕೊಟ್ಟಿದ್ದು?" ಎಂದು ಕೇಳಿದಿರಿ.

ಅಯ್ಯೋ, ನಮ್ಮ ಬುದ್ಧಿಗೆ ಏನೆನ್ನಲಿ! ಶಹಬ್ಬಾಸ್‌ಗಿರಿಯ ಆಸೆಗೆ ಬಿದ್ದು ಎಲ್ಲರೂ ಒಕ್ಕೊರಲಿನಿಂದ ಕೂಗಿದೆವು: "ಯಾರೂ ಇಲ್ಲ ಸಾರ್! ಯಾರನ್ನೂ ಕೇಳೇ ಇಲ್ಲ! ಎಲ್ಲಾ ನಾವ್ ನಾವೇ ಮಾಡ್ಕೊಂಡಿದ್ದು!" ದೊಡ್ಡ ಮೇಡಂ ಮುಖ ಮಾತ್ರ ಬಿಳಿಚಿಕೊಂಡಿತು. ಇಲಾಖೆಯಲ್ಲೇ ತಲೆ ಹಣ್ಣಾದವರು ಅವರು, ಆ ಪ್ರಶ್ನೆಯ ಅರ್ಥ ಅಲ್ಲಿ ಅವರೊಬ್ಬರಿಗೇ ತಿಳಿದಿತ್ತು.

ವಾರ ಕಳೆಯುವುದರೊಳಗೆ ಸುತ್ತೋಲೆ ಬಂತು. ಇನ್ನು ಮುಂದೆ ಪ್ರತಿ ಮಗುವನ್ನೂ ಅದರ ಸ್ವಂತ ಪೋಷಕರೇ ಗೇಟಿನವರೆಗೆ ತಂದು ಬಿಡತಕ್ಕದ್ದು, ಸಂಜೆ ಅವರೇ ಬಂದು ಕರೆದೊಯ್ಯತಕ್ಕದ್ದು, ಫೋಟೋ ಇರುವ ಕಾರ್ಡು ತೋರಿಸತಕ್ಕದ್ದು, ಮಕ್ಕಳನ್ನು ಗುಂಪಾಗಿ ಕರೆತರತಕ್ಕದ್ದಲ್ಲ. ಹಗ್ಗವನ್ನು ತಮ್ಮ ಸಿಬ್ಬಂದಿ ಬಂದು ಸುತ್ತಿಕೊಂಡು ಹೋದರು. ಯೋಜನೆಗೆ 'ಕೈಹಿಡಿದು ಶಾಲೆಗೆ' ಎಂಬ ಮುದ್ದಾದ ಹೆಸರು. ಊರಿನ ಎಲ್ಲ ಶಾಲೆಗಳ ಗೋಡೆಗೂ ಅದರ ಪೋಸ್ಟರ್. ಅದರಲ್ಲಿರುವುದು ಯಾವ ಫೋಟೋ ಎಂದು ತಮಗೆ ನೆನಪಿಸಬೇಕೆ? ನಮ್ಮ ಮಕ್ಕಳದ್ದೇ! ಮುಂದಿನ ಹಲ್ಲು ಬಿದ್ದ ನನ್ನ ಮಗಳ ಬಾಯಿ ಎಷ್ಟು ಸ್ಪಷ್ಟವಾಗಿ ಬಂದಿದೆ! ತುದಿಯಲ್ಲಿದ್ದ ಟೈಲರಣ್ಣನನ್ನು ಕತ್ತರಿಸಿದ್ದೀರಿ, ಹಗ್ಗದ ಮೇಲೆ ಇಲಾಖೆಯ ಹೆಸರು ಅಚ್ಚು ಹಾಕಿಸಿ ಮುಚ್ಚಿದ್ದೀರಿ. ಅದನ್ನು ನೋಡಿ ಟೈಲರಣ್ಣ, "ಮೂವತ್ತು ವರ್ಷದಿಂದ ಕತ್ರಿ ಹಿಡಿದಿದೀನಿ, ಇಷ್ಟು ನೀಟಾಗಿ ನನಗೂ ಬರಲ್ಲ" ಎಂದು ನಕ್ಕರು. ನಕ್ಕು ಅಂಗಡಿಯೊಳಗೆ ಹೋದವರು ಆ ದಿನ ಹೊರಗೆ ಬರಲಿಲ್ಲ.

ಈಗ ನನ್ನ ಪಾಡು ಕೇಳಿ. ಮೊದಲ ದಿನ ಅತ್ತೆ ಮಗುವನ್ನು ಕರೆದುಕೊಂಡು ಹೋದರು. ಅಜ್ಜಿ ಸ್ವಂತ ಪೋಷಕರಲ್ಲವೆಂದು ಗೇಟಿನಲ್ಲಿ ತಡೆದರು. "ಮಗೂಗೆ ಸ್ನಾನ ಮಾಡ್ಸೋಳು ನಾನು, ತಲೆ ಬಾಚೋಳು ನಾನು, ಜ್ವರ ಬಂದ್ರೆ ತೊಡೆ ಮೇಲೆ ಹಾಕ್ಕೊಳ್ಳೋಳು ನಾನು. ಗೇಟಿಗೆ ಬಂದ್ ಕೂಡ್ಲೇ ಬೀದೀಲಿ ಹೋಗೋಳಾಗ್ಬಿಟ್ನಾ?" ಎಂದು ಅತ್ತೆ ರೇಗಿದರಂತೆ. ದೊಡ್ಡ ಮೇಡಂ ಓಡಾಡಿ ಅತ್ತೆಗೊಂದು ಕಾರ್ಡು ಮಾಡಿಸಿಕೊಟ್ಟರು. ಕಾರ್ಡು ಬಂತು, ಅಷ್ಟರಲ್ಲಿ ಮಂಡಿ ಕೈಕೊಟ್ಟಿತು. ದೊಡ್ಡ ರಸ್ತೆಯ ನಟ್ಟನಡುವೆ ಅತ್ತೆ ಕೂತೇಬಿಟ್ಟರು, ನನ್ನ ಮಗಳು ಪಕ್ಕದಲ್ಲಿ ನಿಂತು ಅಳುತ್ತಿದ್ದಳು. ವಾಹನಗಳು ಎರಡೂ ಕಡೆಯಿಂದ ಹಾರ್ನ್ ಹೊಡೆದವಂತೆ. ಅಂದಿನಿಂದ ಅತ್ತೆ ಮೆಟ್ಟಿಲು ಇಳಿಯುತ್ತಿಲ್ಲ. ಎರಡನೇ ಪಾಳಿ ಕೊಡಿ ಎಂದು ಡಿಪೋದಲ್ಲಿ ಅಂಗಲಾಚಿದೆ. ಕೊಟ್ಟರೂ ಏನು ಬಂತು? ಬೆಳಗ್ಗೆ ಬಿಟ್ಟೇನು, ಸಂಜೆ ಕರೆತರುವವರು ಯಾರು? ಇದ್ದ ರಜೆಯನ್ನೆಲ್ಲ ಬಳಸಿ ಮುಗಿಸಿದೆ.

ಕೊನೆಗೆ, ಮನೆಯಲ್ಲೇ ಕೂರಿಸಲು ಮನಸ್ಸು ಬಾರದೆ, ಮಗಳನ್ನು ಬಸ್ಸಿಗೇ ಹತ್ತಿಸಿಕೊಂಡೆ. ನನ್ನ ಬಸ್ಸು ಅವಳ ಶಾಲೆಯ ಕಡೆ ಹೋಗುವುದಿಲ್ಲ, ಬೇರೆಯವರ ಮಕ್ಕಳ ಶಾಲೆಗಳ ಮುಂದೆಲ್ಲ ಹೋಗುತ್ತದೆ. ಸಮವಸ್ತ್ರ ಹಾಕಿಕೊಂಡು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ನನ್ನ ಸೀಟಿನ ಪಕ್ಕ ಕೂತಿದ್ದಳು. ಒಂದು ಶಾಲೆಯ ಸ್ಟಾಪಿನಲ್ಲಿ ಮಕ್ಕಳೆಲ್ಲ ದಡದಡನೆ ಇಳಿಯುವುದನ್ನು ನೋಡಿ, ನನ್ನ ತೋಳು ಜಗ್ಗಿ, "ಅಮ್ಮಾ, ನಾನೂ ಇಲ್ಲೇ ಇಳೀಲಾ? ಯಾರಿಗೂ ಗೊತ್ತಾಗಲ್ಲ" ಎಂದಳು. ನಾನು ಸೀಟಿ ಊದಿದೆ. ಇನ್ನೇನು ಮಾಡಬೇಕಿತ್ತು, ಹೇಳಿ? ಹೀಗೇ ನಾಲ್ಕಾರು ದಿನ ನಡೆಯಿತು. ಆಮೇಲೆ ತಪಾಸಣೆಯವರು ಹತ್ತಿದರು. ಡ್ಯೂಟಿಯಲ್ಲಿರುವಾಗ ಸ್ವಂತ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವ ಹಾಗಿಲ್ಲ ಎಂದು ಮೆಮೊ ಕೊಟ್ಟರು. "ಇನ್ನೊಂದ್ಸಲ ಕಂಡ್ರೆ ಸಸ್ಪೆಂಡೇ ಕಣಮ್ಮ. ನನಗೇನು ಖುಷಿನಾ? ರೂಲ್ಸು" ಎಂದರು. ಅವರ ಮೇಲೂ ಸಿಟ್ಟು ಬರಲಿಲ್ಲ. ಯಾರನ್ನು ನೋಡಿದರೂ ಒಳ್ಳೆಯವರೇ, ಎಲ್ಲರ ಕೈಯನ್ನೂ ಯಾವುದೋ ರೂಲ್ಸು ಕಟ್ಟಿಹಾಕಿದೆ.

ತಮ್ಮ ಕಚೇರಿಗೆ ಬಂದದ್ದು ಆಗ. ಹಗ್ಗಕ್ಕೆ ಅನುಮತಿ ಬೇಕು ತಾನೇ, ಕೇಳಿಯೇ ಬಿಡೋಣ ಎಂದು ಬಂದೆ. ಗುಮಾಸ್ತರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಗ್ಗ ಯಾವ ವರ್ಗಕ್ಕೆ ಬರುತ್ತೆ?" ಎಂದರು. "ವರ್ಗ ಅಂದ್ರೆ?" ಎಂದೆ. "ಅಲ್ಲಮ್ಮ, ಮಕ್ಕಳನ್ನ ಸಾಗಿಸೋದಾದ್ರೆ ಅದು ವಾಹನ. ವಾಹನ ಆದ್ರೆ ಫಿಟ್‌ನೆಸ್ ಸರ್ಟಿಫಿಕೇಟ್ ತನ್ನಿ. ಆಟದ ಸಾಮಾನು ಅಂದ್ರೆ ಕಾಂಪೌಂಡ್ ದಾಟಿ ಹೊರಗೆ ಹೋಗೋ ಹಾಗಿಲ್ಲ. ಬೋಧನಾ ಸಾಮಗ್ರಿ ಅಂತ ಬರೀತೀರಾ? ಅದಾದ್ರೆ ಪಾಠದ ಹೆಸರು ಹಾಕ್ಬೇಕು." ಅವರು ತಮಾಷೆ ಮಾಡುತ್ತಿದ್ದಾರೆಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಸ್ವಾಮಿ, ನಾನು ನಿತ್ಯ ಒಂದು ವಾಹನದಲ್ಲಿ ಕೆಲಸ ಮಾಡುವವಳು. ಅದರ ಹಿಂದಿನ ಬಾಗಿಲು ಮುಚ್ಚುವುದಿಲ್ಲ, ಮಳೆ ಬಂದರೆ ಒಳಗೂ ಬರುತ್ತದೆ. ಅದಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಇದೆ! ಆ ಹಗ್ಗಕ್ಕೆ ಯಾರು ಕೊಡಬೇಕು?

ಬೆಂಚಿನ ಮೇಲೆ ಕಾದು ಕಾದು ಕೊನೆಗೊಂದು ದಿನ ತಾವೇ ಎದುರಾದಿರಿ. ನಿಂತು ಕೇಳಿಸಿಕೊಂಡಿರಿ, ಅದಕ್ಕೆ ನಾನು ಋಣಿ. "ನೋಡಮ್ಮ, ನನಗೂ ಮೊಮ್ಮಕ್ಕಳಿದ್ದಾರೆ. ನಾಳೆ ಆ ರಸ್ತೆಯಲ್ಲಿ ಒಂದು ಮಗುವಿಗೆ ಏನಾದ್ರೂ ಆದ್ರೆ ಯಾರು ಹೊಣೆ? ನೀವಾ, ಟೈಲರಾ, ನಾನಾ?" ಎಂದಿರಿ. ಚಿಲ್ಲರೆಗಾಗಿ ಜಗಳಕ್ಕೆ ಬರುವವರಿಗೆ ಥಟ್ಟನೆ ಉತ್ತರ ಕೊಡುವ ನನಗೆ ಆ ಪ್ರಶ್ನೆಗೆ ಈಗಲೂ ಉತ್ತರ ಸಿಕ್ಕಿಲ್ಲ. ತಮ್ಮ ಹೆದರಿಕೆ ಸುಳ್ಳಲ್ಲ. ರಸ್ತೆ ಎಂದ ಮೇಲೆ ರಸ್ತೆಯೇ. ಆದರೆ ಏನಾದರೂ ಆದೀತು ಎಂಬ ಭಯದಲ್ಲಿ ತಾವು ಸಹಿ ಹಾಕಿದ ಮೇಲೆ ಆಗಿಯೇ ಹೋದದ್ದಕ್ಕೆ ಯಾರು ಹೊಣೆ? ಮೆಮೊ ಬಂದಾಗಿನಿಂದ ಮನೆಯಲ್ಲೇ ಉಳಿದಿರುವ ನನ್ನ ಮಗಳು ಬೆಳಗ್ಗೆ ಎದ್ದು ತಾನೇ ಸಮವಸ್ತ್ರ ಹಾಕಿಕೊಂಡು ಕಿಟಕಿಯ ಬಳಿ ಕೂರುತ್ತಾಳಂತೆ. ಮಧ್ಯಾಹ್ನ ನಾನು ಬಂದಾಗಲೂ ಅದೇ ಬಟ್ಟೆಯಲ್ಲಿರುತ್ತಾಳೆ. ಕೇಳಿದ್ದಕ್ಕೆಲ್ಲ ಬರೀ ತಲೆಯಾಡಿಸುತ್ತಾಳೆ. ಮಾತು ಮತ್ತೆ ನಿಂತುಹೋಗಿದೆ. ಇದಕ್ಕೆ ಯಾವ ಅಂಕಣದಲ್ಲಿ ಟಿಕ್ ಹಾಕುತ್ತೀರಿ?

ಶಾಲೆಯ ಗೇಟಿಗೆ ಒಂದು ಬೆಳಗ್ಗೆ ಬಂದು ನಿಂತು ನೋಡಿ. ಸ್ಕೂಟರುಗಳ ಸಂತೆ. ಅಪ್ಪಂದಿರು ಮಗುವನ್ನು ಇಳಿಸಿ, ಕಾರ್ಡು ತೋರಿಸಿ, ಪಕ್ಕದಲ್ಲಿರುವವರ ಮುಖವನ್ನೂ ನೋಡದೆ ಹಾರಿಹೋಗುತ್ತಾರೆ. ಪಕ್ಕದ ಮನೆಯ ಮಗು ಏಕೆ ಬಂದಿಲ್ಲ ಎಂದು ಕೇಳುವವರಿಲ್ಲ. ಮೊದಲಾದರೆ ಒಂದು ಗಂಟು ಖಾಲಿ ಇದ್ದರೆ ಹಗ್ಗವಿಡೀ ಆ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತಿತ್ತು. ಈಗ ಪೋಷಕರ ಪಾಲ್ಗೊಳ್ಳುವಿಕೆ ಶೇಕಡಾ ನೂರು ಎಂದು ತಮ್ಮ ವರದಿಯಲ್ಲಿ ಬಂದಿದೆಯಂತೆ. ಅಭಿನಂದನೆಗಳು. ಬಾರದವರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನೂರಲ್ಲದೆ ಇನ್ನೆಷ್ಟು ಬಂದೀತು?

ನನ್ನ ಬೇಡಿಕೆ ದೊಡ್ಡದಲ್ಲ. ಹಗ್ಗ ಯಾವ ವರ್ಗಕ್ಕಾದರೂ ಸೇರಲಿ, ಟೈಲರಣ್ಣನಿಗೆ ಎಷ್ಟು ಕಾರ್ಡು ಬೇಕಾದರೂ ಮಾಡಿಸಿ, ನಮ್ಮೆಲ್ಲರ ಸಹಿ ತೆಗೆದುಕೊಳ್ಳಿ, ದೊಡ್ಡ ರಸ್ತೆಯಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿ. ಆದರೆ ಮಕ್ಕಳು ಒಟ್ಟಿಗೆ ನಡೆದು ಬರಲು ಅಡ್ಡಿಯಿಲ್ಲ ಎಂದು ಒಂದು ಸಾಲು ಬರೆದುಕೊಡಿ. ಅದು ಆಗದು ಎಂದಾದರೆ ಅದನ್ನಾದರೂ ಬಾಯಿಬಿಟ್ಟು ಹೇಳಿ. ಪರಿಶೀಲಿಸಲಾಗುತ್ತಿದೆ ಎಂದು ಮಾತ್ರ ಹೇಳಬೇಡಿ, ತಮ್ಮ ಪರಿಶೀಲನೆ ಮುಗಿಯುವ ಹೊತ್ತಿಗೆ ನನ್ನ ಮಗಳ ಪ್ರಾಥಮಿಕ ಶಾಲೆಯೇ ಮುಗಿದಿರುತ್ತದೆ.

ಕಂಡಕ್ಟರ್ ಕೆಲಸ ನನಗೆ ಇಷ್ಟ ಸ್ವಾಮಿ. ಗಂಟಲು ಹೋದರೂ ಇಷ್ಟ. ಮನೆ ನಡೆಯುವುದೂ ಅದರಿಂದಲೇ. ಆದರೂ ರಾಜೀನಾಮೆ ಬರೆದಿದ್ದೇನೆ, ಸಹಿಯನ್ನೂ ಮಾಡಿದ್ದೇನೆ. ತಾರೀಖು ಹಾಕಲು ಮಾತ್ರ ಕೈ ಬರುತ್ತಿಲ್ಲ. ಆದ್ದರಿಂದ ಅದನ್ನು ಈ ಪತ್ರದ ಜೊತೆಗೇ ತಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಹಗ್ಗ ಕೊಡಲಾಗದಿದ್ದರೆ, ಆ ತಾರೀಖನ್ನು ತಾವೇ ತಮ್ಮ ಕೈಯಾರೆ ಬರೆದು ಡಿಪೋಗೆ ಕಳಿಸಿಕೊಡಿ.

ಇಂತಿ,
ಎರಡನೇ ತರಗತಿಯ ಒಂದು ಮಗುವಿನ ಅಮ್ಮ,
ಸದ್ಯಕ್ಕೆ ಬಸ್ ಕಂಡಕ್ಟರ್