ಚೆನ್ನಾಗಿರೋ ಮಂಡಿ

ಡಾಕ್ಟ್ರಮ್ಮನಿಗೆ, ಏಣಿ ಹತ್ತಿ ಬಲ್ಬ್ ಹಾಕೋ ಕೋತಿಮಾಮನ ನಮಸ್ಕಾರ.

ನಿನ್ನೆ ನಿಮ್ಮ ಲ್ಯಾಬಲ್ಲಿ ಟ್ಯೂಬ್‌ಲೈಟ್ ಬದಲಾಯಿಸ್ತಿದ್ದಾಗ ನೀವು ಅಸಿಸ್ಟೆಂಟಮ್ಮನಿಗೆ ಹೇಳಿದ್ದು ಕೇಳಿಸ್ತು. "ಚೆನ್ನಾಗಿರೋ ಮಂಡೀನೂ ಸವೆದಿದೆ ಅಂತ ಸ್ಕ್ಯಾನಲ್ಲಿ ತೋರಿಸ್ತಿದೆಯಲ್ಲೇ ನಾವು ಚುಚ್ಚೋ ಈ ಮದ್ದು! ಮೂರು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು. ಶುಕ್ರವಾರಕ್ಕೆ ಈ ಸಂಶೋಧನೇನೇ ನಿಲ್ಲಿಸಿಬಿಡೋಣ." ನಾನು ಏಣಿ ಮೇಲೆ ಹಲ್ಲು ಕಿರಿದುಕೊಂಡೇ ಇದ್ದೆ. ಆಮೇಲೆ ಕೆಲಸ ಅರ್ಧಕ್ಕೇ ಬಿಟ್ಟು ಇಳಿದೆ.

ಆ ಚೆನ್ನಾಗಿರೋ ಮಂಡಿ ನಂದೇ ಅಲ್ವಾ ಅಮ್ಮಾ. ಹೋಲಿಸಿ ನೋಡೋಕೆ ನೋವಿಲ್ಲದ ಮಂಡಿ ಬೇಕು ಅಂತ ನನ್ನನ್ನ ಪರೀಕ್ಷೆಗೆ ಕೂರಿಸೋ ಮುಂಚೆ "ನೋವಿದ್ಯಾ?" ಅಂತ ಕೇಳಿದ್ರಿ. "ಕುಣಿದು ತೋರಿಸ್ಲಾ?" ಅಂದು ಎಲ್ಲರನ್ನೂ ನಗಿಸಿದೆ. ಅದು ಸುಳ್ಳು. ಎರಡು ವರ್ಷದಿಂದ ಮೆಟ್ಟಿಲು ಇಳಿಯುವಾಗ ಬಲಮಂಡಿ ಚುಚ್ಚುತ್ತೆ. ಹೆಂಡ್ತಿಗೂ ಹೇಳಿಲ್ಲ. ಮೇಸ್ತ್ರಿಗೆ ಗೊತ್ತಾದ್ರೆ ಏಣಿ ಕಿತ್ಕೊಂಡು ಪೊರಕೆ ಕೊಡ್ತಾರೆ ಅಂತ ಭಯ.

ಮದ್ದು ಹಾಕದೆ ತೆಗೆದ ಸ್ಕ್ಯಾನಲ್ಲಿ ಏನೂ ಕಾಣಲಿಲ್ಲ. ಬಚಾವಾದೆ ಅಂದ್ಕೊಂಡೆ. ನಿಮ್ಮ ಮದ್ದು ಬಿಡಲಿಲ್ಲ, ಮೂಳೆ ನಡುವಿನ ಮೆತ್ತೆ ಎಲ್ಲಿ ಸವೆದಿದೆಯೋ ಅಲ್ಲೇ ಹೋಗಿ ಕೂತಿದೆ. ಸುಳ್ಳು ಹೇಳಿದ್ದು ಮದ್ದಲ್ಲಮ್ಮಾ, ನಾನು.

ದಯವಿಟ್ಟು ಶುಕ್ರವಾರ ನಿಲ್ಲಿಸಬೇಡಿ. ನನ್ನನ್ನ ನೋವಿನ ಮಂಡಿಯವರ ಪಟ್ಟಿಗೆ ಹಾಕಿ. ಯಾಕೆ ಅಂತ ಮೇಸ್ತ್ರಿ ಕೇಳಿದ್ರೆ ಈ ಕಾಗದಾನೇ ತೋರಿಸಿ, ಪರವಾಗಿಲ್ಲ.

ನಿಮ್ಮ ಟ್ಯೂಬ್‌ಲೈಟ್ ಇನ್ನೂ ಮಿಣುಕ್ತಾ ಇರಬೇಕು. ನೀವು ಊಟಕ್ಕೆ ಹೋದಾಗ ಬಂದು ಹಾಕ್ತೀನಿ. ಬಾಗಿಲು ತೆಗೆದಿಟ್ಟಿರಿ, ಆದ್ರೆ ನೀವು ಅಲ್ಲಿರಬೇಡಿ.

ಇತಿ,
ಕುಣಿದು ತೋರಿಸಲಾರದ
ಕೋತಿಮಾಮ