ಕರಡಿಗೆಯೊಳಗಿನ ಬೂದಿ

ಜನವರಿ 12, ಸೋಮವಾರ
ಎಮ್ಮೆಗೆ ಹಿಂಡಿ ನೆನೆಹಾಕಿದೆ. ಹಾಲು ಡೇರಿಗೆ ಹೋಯಿತು. ಸಂಜೆ ಫೋನ್ ಚಾರ್ಜಿಗೆ ಇಟ್ಟೆ — ನನ್ನ ಮನೆಯವರು ಪರದೇಶದ ಅಕ್ರಾದಿಂದ ಫೋನ್ ಮಾಡುವ ಹೊತ್ತು. ಮಾಡುವುದಿಲ್ಲ. ಗೊತ್ತು.

ಅವರನ್ನು ಮಣ್ಣು ಮಾಡಿ ತಿಂಗಳಾಗುತ್ತ ಬಂತು. ಪೆಟ್ಟಿಗೆಯಲ್ಲಿ ಮುಖ ಅಷ್ಟೇ ತೋರಿಸಿದರು. ನಮ್ಮ ಪದ್ಧತಿಯಂತೆ ಕುಣಿಯಲ್ಲಿ ಕೂಡಿಸಬೇಕಿತ್ತು, ಆಗಲಿಲ್ಲ. ಮಲಗಿಸಿಯೇ... ಕೊರಳ ಲಿಂಗ ಬೇರೆ ಚೀಲದಲ್ಲಿ ಬಂತು. ಮಠದ ಅಯ್ಯನವರು ಲಿಂಗ ತೆಗೆದು ಅವರ ಅಂಗೈಯಲ್ಲಿಟ್ಟರು. ಲಿಂಗವಿದ್ದ ಬೆಳ್ಳಿ ಕರಡಿಗೆ ನನಗೆ ಉಳಿಯಿತು. ಅದರೊಳಗೆ ಬೂದು ಪುಡಿ. ಅವರ ವಿಭೂತಿ. ದಿನಾ ಚೂರು ಹಣೆಗೆ ಹಚ್ಚುತ್ತೇನೆ.

ಜನವರಿ 15
ಈ ಸಲ ಹಬ್ಬವಿಲ್ಲ. ಕೌಜಲಗಿಯ ವಿಶಾಲ ಸಜ್ಜೆ ರೊಟ್ಟಿ ತಂದಿದ್ದ. ರಜೆಗೆ ಬಂದಿದ್ದಾನೆ. ಅಕ್ರಾದಲ್ಲಿ ಇವರದೇ ರೂಮಿನವನು. ಇವರು ಕ್ರೇನ್ ನಡೆಸುವಾಗ ಕೆಳಗೆ ನಿಂತು ಕೈ ಸನ್ನೆ ಮಾಡುವವನು.

"ಏನ್ಲೇ, ಸುಟ್ಟ ಬದ್ನಿಕಾಯಿ ಆಗೀಯಲ್ಲೋ!" ಅತ್ತೆ ನಕ್ಕರು. ತಿಂಗಳಲ್ಲಿ ಮೊದಲ ಸಲ.

"ಅಣ್ಣ ಆ ದಿನ ಪೂಜಿ ಮುಗಿಸಿ ಅಡ್ಡಾದ್ರು ವೈನಿ. ಹಾರ್ಟ್ ಅಟ್ಯಾಕ್. ಏಳಲೇ ಇಲ್ಲ." ನೆಲ ನೋಡಿಕೊಂಡೇ ಹೇಳಿದ. ಯಾಕೆ?

ಇವರು ಕಟ್ಟುತ್ತಿದ್ದ ಇಂಟರ್‌ಚೇಂಜ್ ಚಾಲೂ ಆಗಿದೆಯಂತೆ. ವಿಡಿಯೋ ತೋರಿಸಿದ. ರಸ್ತೆಯ ಮೇಲೆ ರಸ್ತೆ, ಚಕ್ಕುಲಿ ಸುತ್ತಿದ ಹಾಗೆ.

"ಯಾವ ಕಡೆ ಹೋದ್ರೂ ಗಾಡಿ ನಿಲ್ಲೂದ ಬ್ಯಾಡ."

ಇವರೂ ಇದನ್ನೇ ಹೇಳುತ್ತಿದ್ದರು. ಹೆಮ್ಮೆಯಿಂದ.

ಜನವರಿ 16, ಬೆಳಿಗ್ಗೆ
ನಿನ್ನೆ ವಿಭೂತಿಗೆ ನೀರು ಹೆಚ್ಚಾಯಿತು. ಬಟ್ಟಲಲ್ಲೇ ಬಿಟ್ಟಿದ್ದೆ. ಇವತ್ತು ಕಲ್ಲು. ಉಗುರು ಇಳಿಯಲಿಲ್ಲ. ವಿಭೂತಿ ಹೀಗಾಗುವುದಿಲ್ಲ. ಮನೆ ಕಟ್ಟಿಸಿದಾಗ ಬುಟ್ಟಿಗೆ ಅಂಟಿದ್ದು ಹೀಗೇ ಗಟ್ಟಿಯಾಗಿತ್ತು.

ಸಿಮೆಂಟ್.

ಹಣೆ ತೊಳೆದೆ. ಮತ್ತೆ ತೊಳೆದೆ.

ಪೂಜೆಗಲ್ಲದೆ ಕರಡಿಗೆ ಬಿಚ್ಚುವವರಲ್ಲ. ಕೆಲಸದಲ್ಲಿ ಬನಿಯನ್ ಒಳಗೇ ಇರುತ್ತಿತ್ತು. ಪೂಜೆ ಮುಗಿಸಿ ಮಲಗಿದವರ ಕರಡಿಗೆಯೊಳಗೆ ಸಿಮೆಂಟ್ ಹೇಗೆ ಬಂತು? ಬೆಳಕಿಗೆ ಹಿಡಿದು ನೋಡಿದೆ. ಒಂದು ಬದಿ ನೆಗ್ಗಿದೆ.

ವಿಶಾಲ ಫೋನ್ ಎತ್ತುತ್ತಿಲ್ಲ. ಅತ್ತೆಗೆ ಹೇಳಲಿಲ್ಲ.

ಫೆಬ್ರವರಿ 3
ನಾಳೆ ವಿಶಾಲ ವಾಪಸ್ ಹೋಗುತ್ತಾನೆಂದು ತಿಳಿಯಿತು. ಕೌಜಲಗಿ ಬಸ್ ಹಿಡಿದೆ. ಅವನ ಮನೆ ಕಟ್ಟೆಯ ಮೇಲೆ ಬಟ್ಟಲು ಇಟ್ಟೆ.

"ಕರಡಿಗಿ ಒಳಗಿಂದು. ಏನಿದು, ಹೇಳು."

ಮುಟ್ಟಿದ. ಕೈ ತೆಗೆದ.

"ಬಾಯಿ ಬಿಟ್ರ ಕೆಲಸ ಇಲ್ಲ ಅಂತ ಕಂಪನಿಯವ್ರು ಅಂದಾರ್ರಿ ವೈನಿ..."

"ನಿಮ್ಮಣ್ಣ ಖರೇನ ಮಲಗಿದ್ರೇನು?"

"ಇಲ್ರಿ." ಅಳತೊಡಗಿದ. "ಸಿಮೆಂಟ್ ಚೀಲ ಎತ್ತೂಮುಂದ ಕ್ರೇನ್ ವಾಲ್ತು. ಜಿಗೀರಿ ಅಂತ ಒದರಿದೆ. ನಾ ಕೆಳಗಿದ್ದೆ... ನನ್ನ ಮ್ಯಾಲ ಬೀಳತೈತಿ ಅಂತ ಕ್ರೇನ್ ಅತ್ಲಾಗ ತಿರುವಿದ್ರು. ಅದರ ಜೋಡಿನ ಬಿದ್ರು, ಚೀಲ ಒಡದು ಮೈತುಂಬ ಸಿಮೆಂಟ್."

"ಎಲ್ಲಿ? ತೋರಸು."

ವಿಡಿಯೋ ಹಚ್ಚಿದ. ಮೇಲಿನ ರಸ್ತೆಯ ತಿರುವಿನ ಮೇಲೆ ಬೆರಳಿಟ್ಟ. ಬೆರಳ ಕೆಳಗೆ ಕೆಂಪು ಕಾರು ಹೋಯಿತು. ಬಸ್ಸು. ಲಾರಿ. ಮತ್ತೆ ಹಚ್ಚು ಅಂದೆ. ಮತ್ತೆ ನೋಡಿದೆ. ಒಂದಾದರೂ ಅಲ್ಲಿ, ಒಂದು ಗಳಿಗೆ ನಿಲ್ಲಲಿಲ್ಲ.