ತಗಡಿನ ಡಬ್ಬದ ವೈಫೈ ಮತ್ತು ನನ್ನ ಸುಳ್ಳು ದೂರು

ಮಾನ್ಯ ಕುಂದುಕೊರತೆ ನಿವಾರಣಾಧಿಕಾರಿಗಳೇ,

ನನ್ನ ದೂರನ್ನು ತಾವು ಒಂದೇ ದಿನದಲ್ಲಿ ಪರಿಹರಿಸಿದಿರಿ. ನನ್ನ ಕುಂದುಕೊರತೆ ಅದೇ.

ಹೋದ ವರ್ಷ ನಮ್ಮ ಅಡ್ಡರಸ್ತೆಯಲ್ಲಿ ತಮ್ಮ ಇಂಟರ್ನೆಟ್ ಕೇಬಲ್ ಜೋತುಬಿದ್ದು, ಸೊಪ್ಪಿನ ಗಾಡಿಯವರು ಅದಕ್ಕೆ ಕರಿಬೇವಿನ ಕಟ್ಟು ನೇತುಹಾಕುವಷ್ಟು ದಿನ ಹಾಗೇ ಇತ್ತು. ಹದಿನಾಲ್ಕು ಮನೆಯವರು ಸಹಿ ಹಾಕಿ ಕಳಿಸಿದ ಆ ನಿಜವಾದ ದೂರಿಗೆ ತಮ್ಮಿಂದ ಬಂದ ಉತ್ತರ ದೀಪಾವಳಿಯ ಶುಭಾಶಯ. ಈ ಸಲ ನಾನೊಬ್ಬನೇ ಕುಳಿತು ಬರೆದ ಸುಳ್ಳು ದೂರಿಗೆ ಮಾತ್ರ ಮಾರನೆಯ ದಿನವೇ ಕ್ರಮ! ಸುಳ್ಳಿಗೆ ಇಷ್ಟು ವೇಗ ಕೊಡಬಲ್ಲ ಸಂಸ್ಥೆ ನಿಜಕ್ಕೇಕೆ ಕೊಡುತ್ತಿಲ್ಲ? ಅದಕ್ಕೆ ಬೇರೆ ಪ್ಲ್ಯಾನ್ ಹಾಕಿಸಿಕೊಳ್ಳಬೇಕೆ?

ನಾನು ಬಸವೇಶ್ವರನಗರದ ನಿವಾಸಿ, ನಿವೃತ್ತ ವಿಜ್ಞಾನ ಶಿಕ್ಷಕ. ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವಿದ್ಯುತ್ಕಾಂತೀಯ ಅಲೆಗಳ ಪಾಠ ಮಾಡಿದ್ದೇನೆ. ಪ್ರತಿ ವರ್ಷ ಹಾಡುತ್ತಿರುವ ಟ್ರಾನ್ಸಿಸ್ಟರ್ ರೇಡಿಯೊ ಒಂದನ್ನು ಬಿಸ್ಕತ್ತಿನ ತಗಡಿನ ಡಬ್ಬದೊಳಗಿಟ್ಟು ಮುಚ್ಚಳ ಹಾಕುತ್ತಿದ್ದೆ. ಹಾಡು ನಿಲ್ಲುತ್ತಿತ್ತು, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ‘ಏಕೆ ನಿಂತಿತು?’ ಎಂಬುದು ಪರೀಕ್ಷೆಯಲ್ಲಿ ಮೂರು ಅಂಕದ ಪ್ರಶ್ನೆ; ‘ಲೋಹ ಅಲೆಗಳನ್ನು ತಡೆಯುತ್ತದೆ’ ಎಂಬುದು ಉತ್ತರ. ತಪ್ಪು ಬರೆದವರಿಗೆ ನಾನು ಕೆಂಪು ಶಾಯಿಯಲ್ಲಿ ‘ಗಮನವಿಲ್ಲ’ ಎಂದು ಬರೆಯುತ್ತಿದ್ದೆ. ಇದನ್ನು ತಾವು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು. ನಾನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಲಿಲ್ಲ.

ಜೂನ್‌ನಲ್ಲಿ ನಮ್ಮ ಮನೆಗೆ ತಮ್ಮ ಸಂಪರ್ಕ ಹಾಕಿಸಿದೆವು. ಬೇಕಾಗಿದ್ದದ್ದು ನನಗಲ್ಲ, ನನ್ನ ಹೆಂಡತಿ ಅಂಬುಜಾಗೆ. ಅವಳು ವಾರಕ್ಕೆ ನಾಲ್ಕು ದಿನ, ವಿಜಯನಗರದಿಂದ ಕೆಂಗೇರಿಯವರೆಗೆ ಹರಡಿಕೊಂಡಿರುವ ಒಂಬತ್ತು ಮಂದಿ ಹೆಂಗಸರಿಗೆ ವಿಡಿಯೊ ಕರೆಯಲ್ಲಿ ದೇವರನಾಮ ಹೇಳಿಕೊಡುತ್ತಾಳೆ. ಸಂಪರ್ಕ ಕೊಡಲು ಬಂದವರು ತಮ್ಮ ಸಂಸ್ಥೆಯ ಗುರುದೇವಿ. ಸಿಂದಗಿ ಕಡೆಯವರು, ನಲವತ್ತರ ಆಸುಪಾಸು. ಸ್ಕೂಟರಿನಿಂದ ಏಣಿ ಇಳಿಸಿಕೊಂಡು, ಕೇಬಲ್ಲಿನ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಬೆಸೆದು, ವೈಫೈ ರೂಟರನ್ನು ಹಾಲ್‌ನ ಗೋಡೆಯ ಮೇಲೆ ಎತ್ತರದಲ್ಲಿ ಕೂರಿಸಿದರು. ಹೊರಡುವಾಗ, “ಇಲ್ಲೇ ಇರಲ್ರಿ ಸರ್. ಎತ್ತರದಾಗ ಇದ್ರ ಎಲ್ಲಾ ಖೋಲಿಗೂ ಸಿಗ್ನಲ್ ಹೋಗ್ತೈತಿ. ಸರಸಬ್ಯಾಡ್ರಿ,” ಎಂದರು. ನಾನು ಸರಿಸಲಿಲ್ಲ. ಅದಕ್ಕಿಂತ ದೊಡ್ಡ ಕೆಲಸ ಮಾಡಿದೆ.

ಆಗಸ್ಟ್‌ನಲ್ಲಿ ಮನೆಗೆ ಸುಣ್ಣಬಣ್ಣವಾಯಿತು. ಬೆಣ್ಣೆಬಣ್ಣದ ಹೊಸ ಗೋಡೆಯ ಮೇಲೆ ಕಪ್ಪು ರೂಟರು ಹಲ್ಲಿಯಂತೆ ಕಂಡಿತು. ರಾಜಾಜಿನಗರ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿಗೆ ಹೋಗಿ, ಖುದ್ದು ಅಳತೆ ಕೊಟ್ಟು, ಬೀಗವಿರುವ ತಗಡಿನ ಪೆಟ್ಟಿಗೆಯೊಂದನ್ನು ಮಾಡಿಸಿದೆ. ಗಾಳಿಯಾಡಲು ಸಣ್ಣ ತೂತುಗಳು, ಮೇಲೆ ಬೆಣ್ಣೆಬಣ್ಣ. ರೂಟರನ್ನು ಅದರೊಳಗಿಟ್ಟು ಬೀಗ ಜಡಿದು, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡೆ. ಬಂದ ನೆಂಟರಿಗೆಲ್ಲ ತೋರಿಸಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ಇಂಟರ್ನೆಟ್ ತೂತಿನಲ್ಲಿ ಸೋರುವಷ್ಟೇ ಉಳಿಯಿತು. ಅಂಬುಜಾ ಪಲ್ಲವಿ ಎತ್ತಿಕೊಂಡರೆ ಅನುಪಲ್ಲವಿಯ ಹೊತ್ತಿಗೆ ಬಾಯಿ ತೆರೆದ ಭಂಗಿಯಲ್ಲೇ ಪರದೆಯ ಮೇಲೆ ಶಿಲೆಯಾಗುತ್ತಿದ್ದಳು. ಒಂಬತ್ತು ಮಂದಿ ಶಿಷ್ಯೆಯರಲ್ಲಿ ಮೂವರು ಬಿಟ್ಟರು. ನಾನು ಸುಮ್ಮನಿದ್ದೆನೆ? ಪಾಸ್‌ವರ್ಡ್ ಬದಲಿಸಿದೆ. ಸ್ವಿಚ್ ಆರಿಸಿ ನೂರು ಎಣಿಸಿ ಹಾಕಿದೆ. ಪಕ್ಕದ ಮನೆಯವರ ಮಿಕ್ಸಿಯ ಮೇಲೆ ಅನುಮಾನಪಟ್ಟು, ಚಟ್ನಿಯನ್ನು ಹತ್ತು ಗಂಟೆಯ ಮೇಲೆ ರುಬ್ಬಲು ವಿನಂತಿಸಿದೆ. ಸಿಗ್ನಲ್ ಹಿಗ್ಗಿಸುವ ಇನ್ನೊಂದು ಸಾಧನ ತಂದು, ಅದೂ ಚೆಂದ ಕಾಣಲೆಂದು ಫ್ರಿಜ್ಜಿನ ಹಿಂದೆ ಇಟ್ಟೆ. ಒಂದು ದಿನ ಅಂಬುಜಾ, “ರೀ, ಆ ಡಬ್ಬ ಹಾಕಿದ್ಮೇಲೇ ಅಲ್ವಾ ಇದು ಶುರುವಾಗಿದ್ದು?” ಎಂದಳು.

“ಡಬ್ಬಕ್ಕೂ ಇಂಟರ್ನೆಟ್ಟಿಗೂ ಏನೇ ಸಂಬಂಧ? ಲೈನೇ ಸರಿಯಿಲ್ಲ,” ಎಂದೆ. ಮೂರು ಅಂಕ ಹೋಯಿತು.

ದೂರು ಕೊಟ್ಟೆ. ಗುರುದೇವಿಯವರೇ ಬಂದರು. ಬೆಳಗ್ಗೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಕಂಬ ಹತ್ತಿ ಲೈನ್ ಅಳೆದು, ಇಳಿದು ಬಂದು, “ಲೈನ್ ಚೊಲೋ ಐತ್ರಿ. ರೂಟರ್ ನೋಡೂಣು,” ಎಂದರು. ಪೆಟ್ಟಿಗೆ ಕಂಡದ್ದೇ ಅವರ ಮುಖದಲ್ಲಿ ಎಲ್ಲ ತಿಳಿದುಹೋದ ನಗು ಬಂತು. “ಸರ್, ಒಂದ್ ಮಿನಿಟ್ ಬೀಗ ತಗೀರಿ.”

ಆ ನಗು ನನಗೆ ನಾಟಿತು. “ಒಳಗೆಲ್ಲ ಸರಿಯಾಗಿದೆ. ಮೂವತ್ತೊಂದು ವರ್ಷ ಇದೇ ಪಾಠ ಮಾಡಿದೀನಮ್ಮಾ, ನೀನು ನನಗೆ ಹೇಳ್ಕೊಡಬೇಡ,” ಎಂದೆ. ಹೌದು, ‘ನೀನು’ ಎಂದೆ.

“ಪಾಠ ಮಾಡಿದ್ದು ಖರೇ ರೀ. ಆದ್ರ ಇದು ತಗಡೈತ್ರಿ,” ಎಂದರು ಗುರುದೇವಿ, ದನಿ ಏರಿಸದೆ.

ನಾನು ಬಾಗಿಲು ತೋರಿಸಿದೆ. ಆ ಸಂಜೆಯೇ ತಮಗೆ ಬರೆದೆ: ‘ತಂತ್ರಜ್ಞರು ರೂಟರನ್ನು ಪರೀಕ್ಷಿಸದೆಯೇ ಹೊರಟುಹೋದರು. ದಯವಿಟ್ಟು ಅರ್ಹರೊಬ್ಬರನ್ನು ಕಳಿಸಿ.’ ಈಗ ಇಷ್ಟು ಬರೆದು ಈ ಪತ್ರದ ಕರಡನ್ನು ಅಂಬುಜಾಗೆ ತೋರಿಸಿದಾಗ ಅವಳು ಕನ್ನಡಕ ಸರಿಪಡಿಸಿಕೊಂಡು, “‘ಅರ್ಹರೊಬ್ಬರನ್ನು’ ಅಂತ ಎಲ್ಲಿ ಬರ್ದಿದ್ರಿ? ‘ಅರ್ಹ ಗಂಡಸೊಬ್ಬರನ್ನು’ ಅಂತಲ್ವಾ ಬರ್ದಿದ್ದು? ಮೇಲ್ ತೆಗೀಲಾ?” ಎಂದಳು. ಬೇಡವೆಂದೆ. ಮಾನ್ಯರೇ, ನಾನು ಬರೆದದ್ದು ‘ಗಂಡಸೊಬ್ಬರನ್ನು’ ಎಂದೇ. ಪರೀಕ್ಷಿಸದೆ ಹೋದರು ಎಂಬುದು ಅಕ್ಷರಶಃ ನಿಜ. ಕೀಲಿ ನನ್ನ ಎದೆಯ ಮೇಲಿತ್ತು ಎಂಬುದನ್ನಷ್ಟೇ ಬರೆದಿರಲಿಲ್ಲ.

ತಾವು ಏನನ್ನೂ ವಿಚಾರಿಸಲಿಲ್ಲ. ಅವರನ್ನು ಒಂದು ಮಾತು ಕೇಳಲಿಲ್ಲ. ನನ್ನನ್ನಾದರೂ ಕೇಳಿದ್ದರೆ ನಾನು ಇನ್ನಷ್ಟು ಸುಳ್ಳು ಹೇಳಿ ಸಿಕ್ಕಿಬೀಳುತ್ತಿದ್ದೆ. ಆ ಅವಕಾಶವನ್ನೂ ಕೊಡದೆ ಮಾರನೆಯ ದಿನ ಮುತ್ತುರಾಜ ಎಂಬ ಅರ್ಹ ಗಂಡಸನ್ನು ಕಳಿಸಿದಿರಿ. ಅವರು ಪೆಟ್ಟಿಗೆ ನೋಡಿ ಕೀಲಿ ಕೇಳಿದರು. ನಾನು ತಕ್ಷಣ ಕೊಟ್ಟೆ. ಅವರು ರೂಟರನ್ನು ಹೊರಗೆ ತೆಗೆದಿಟ್ಟ ಮರುಕ್ಷಣ ಒಳಮನೆಯಲ್ಲಿ ಅಂಬುಜಾಳ ಫೋನು ನಿಂತೇ ಹೋಗಿದ್ದ ಹಾಡನ್ನು ಹಾಡತೊಡಗಿತು.

“ಸಾರ್, ಇದನ್ನ ಡಬ್ಬದೊಳಗೆ ಹಾಕಿದ್ದು ಯಾರ್ ಸಾರ್? ಯಾರಾದ್ರೂ ಹಾಕ್ತಾರಾ?” ಎಂದು ಮುತ್ತುರಾಜ ನಗಾಡಿದರು. ನಾನೂ ನಕ್ಕೆ. ಗಂಡಸರಿಬ್ಬರೂ ನಕ್ಕೆವು. ಅವರು ಹೋದ ಮೇಲೆ ಅಂಬುಜಾ ನಗದೆ ಕೇಳಿದಳು: “ಇವ್ರಿಗೆ ಕೀಲಿ ಕೊಟ್ರಿ. ಅವ್ರಿಗೆ ಯಾಕ್ ಕೊಡ್ಲಿಲ್ಲ?” ನಾನು ಖಾಲಿ ಪೆಟ್ಟಿಗೆಗೆ ಮತ್ತೆ ಬೀಗ ಹಾಕಿದೆ.

ನಾಲ್ಕು ದಿನ ಬಿಟ್ಟು ತಮ್ಮ ಶಾಖೆಯಿಂದ ಕರೆ ಬಂತು. “ನಮಸ್ಕಾರ. ತಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆಗೆ ಒಂದರಿಂದ ಐದರವರೆಗೆ ಎಷ್ಟು ಅಂಕ ಕೊಡುತ್ತೀರಿ?” ಎಂದು ಯಾರೋ ಪುಸ್ತಕದ ಕನ್ನಡ ಓದುತ್ತಿದ್ದರು. ದನಿ ಗುರುತಾಯಿತು.

“ಗುರುದೇವಿಯವರಾ? ನೀವ್ಯಾಕೆ ಫೋನ್ ಹತ್ರ?”

ಅವರು ಪುಸ್ತಕದ ಕನ್ನಡ ಬಿಟ್ಟರು. “ನಿಮ್ಮ ಪತ್ರ ಬಂತಲ್ರಿ ಸರ್. ಗಿರಾಕಿಗೋಳಿಗೆ ಹೆಣ್ಮಕ್ಕಳು ಬ್ಯಾಡಂತ ಹೇಳಿ ನನ್ನ ಕುರ್ಚಿಗೆ ಕುಂದ್ರಿಸ್ಯಾರ. ನೀಲಾಂಬಿಕಾ, ದುರ್ಗವ್ವ ಅಂತ ಇನ್ನಿಬ್ಬರು ನನ್ನ ಕೂಡ ಕಂಬ ಹತ್ತೂದು ಕಲ್ಯಾಕತ್ತಿದ್ರು. ಅವರದೂ ನಿಂತೈತ್ರಿ.”

“ತಪ್ಪಾಯ್ತಮ್ಮಾ. ಕ್ಷಮಿಸಿ.”

“ನನಗ ಕ್ಷಮಾ ಕೇಳಿ ಏನ್ ಮಾಡ್ತೀರಿ? ಬರದಿದ್ದು ಕಂಪ್ನಿಗೆ. ತಿದ್ದೂದಿದ್ರ ಅಲ್ಲೇ ತಿದ್ರಿ. ಈ ಕಾಲ್ ರೆಕಾರ್ಡ್ ಆಗ್ತೈತ್ರಿ, ಅಂಕಿ ಹೇಳ್ರಿ.”

“ನನಗೆ ಸೊನ್ನೆ ಹಾಕ್ಕೊಳ್ಳಿ.”

“ಸೊನ್ನಿ ಇಲ್ರಿ ಇದರಾಗ. ಒಂದರಿಂದ ಸುರು.”

ಎಂಥ ಪ್ರಶ್ನೆಪತ್ರಿಕೆ ಮಾಡಿದ್ದೀರಿ ಮಾನ್ಯರೇ! ಒಂದು ಕೊಟ್ಟರೆ ಕರೆ ಮಾಡಿದವರಿಗೆ ಛೀಮಾರಿ. ಐದು ಕೊಟ್ಟರೆ ತಮ್ಮ ಕ್ರಮಕ್ಕೆ ಶಹಭಾಸ್. ಅವರಿಗೆ ಇನ್ನೊಂದು ಪೆಟ್ಟು ಬೀಳದಿರಲೆಂದು ಐದು ಎಂದೆ.

ಮರುದಿನ ತಪ್ಪೊಪ್ಪಿಗೆಯನ್ನು ಕೈಬರಹದಲ್ಲಿ ಬರೆದುಕೊಂಡು ಡಾ. ರಾಜ್‌ಕುಮಾರ್ ರಸ್ತೆಯ ತಮ್ಮ ಶಾಖೆಗೆ ಹೋದೆ. ಶಾಖೆಯ ವ್ಯವಸ್ಥಾಪಕರು ಕಂಪ್ಯೂಟರ್ ನೋಡಿ, “ನಿಮ್ಮ ದೂರಿನ ಟಿಕೆಟ್ ಕ್ಲೋಸ್ ಆಗಿದೆ ಸಾರ್. ನೀವೇ ಐದಕ್ಕೆ ಐದು ಕೊಟ್ಟಿದೀರಲ್ಲ,” ಎಂದರು.

“ನಾನು ಕೊಟ್ಟ ದೂರೇ ಸುಳ್ಳು ಅಂತ ಹೇಳ್ತಾ ಇದೀನಿ.”

“ಸುಳ್ಳು ಅನ್ನೋ ಆಪ್ಷನ್ ಸಿಸ್ಟಮ್‌ನಲ್ಲಿಲ್ಲ ಸಾರ್. ಬೇಕಾದ್ರೆ ಹೊಸ ದೂರು ಕೊಡಿ.”

ಯಾರ ಮೇಲೆ ಎಂದು ಕೇಳಿದೆ. ಅವರು ಅದನ್ನೂ ಕಂಪ್ಯೂಟರಿನಲ್ಲಿ ಹುಡುಕತೊಡಗಿದರು. ಗಾಜಿನ ಆಚೆ ಗುರುದೇವಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದರು. ನನ್ನ ಕೈಯಲ್ಲಿದ್ದ ಕಾಗದವನ್ನು ಎತ್ತಿ ತೋರಿಸಿದೆ. ಅವರು ಒಮ್ಮೆ ನೋಡಿ, ಮುಂದಿನ ಗ್ರಾಹಕರಿಗೆ ನಮಸ್ಕಾರ ಹೇಳಿದರು. ಅವರ ಏಣಿ ಹೊರಗೆ ಗೋಡೆಗೆ ಒರಗಿ ನಿಂತಿತ್ತು. ಯಾರೋ ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕಿದ್ದರು. ಅದನ್ನು ನೋಡಿದ ಮೇಲೆಯೇ ಈ ಪತ್ರ ಎಲ್ಲರೂ ಓದುವಂತಿರಬೇಕು ಎಂದು ನಿರ್ಧರಿಸಿದೆ.

ಆದ್ದರಿಂದ ಒತ್ತಾಯಿಸುತ್ತೇನೆ. ನನ್ನ ದೂರನ್ನು ತಮ್ಮ ದಾಖಲೆಯಿಂದ ಅಳಿಸಬೇಡಿ, ಅದರ ಪಕ್ಕದಲ್ಲಿ ‘ಸುಳ್ಳು’ ಎಂದು ಬರೆಯಿರಿ. ಅದಕ್ಕೊಂದು ಆಪ್ಷನ್ ಮಾಡಿಸಿ, ಮುಂದೆಯೂ ಬೇಕಾಗುತ್ತದೆ. ಸುಳ್ಳು ಬರೆದವನೆಂದು ನನ್ನ ಹೆಸರು, ವಿಳಾಸ ಹಾಕಲು ಒಪ್ಪಿಗೆಯಿದೆ. ಗುರುದೇವಿಯವರನ್ನು ಬರುವ ಸೋಮವಾರದೊಳಗೆ ಹೊರಗಿನ ಕೆಲಸಕ್ಕೆ ಮರಳಿಸಿ. ನೀಲಾಂಬಿಕಾ ಮತ್ತು ದುರ್ಗವ್ವನವರ ತರಬೇತಿಯನ್ನು ನಿಂತಲ್ಲಿಂದ ಮುಂದುವರಿಸಿ. ಕಂಬ ಹತ್ತಿ ಅಳೆದು ಹೇಳಿದ ಮಾತನ್ನು ಕುರ್ಚಿಯಲ್ಲಿ ಕುಳಿತು ಬರೆದ ಮಾತಿಗಿಂತ ಮೊದಲು ಕೇಳುವ ಪದ್ಧತಿ ತಮ್ಮಲ್ಲಿ ಇನ್ನಾದರೂ ಶುರುವಾಗಲಿ.

ಇದಕ್ಕೆ ತಾವು ಉತ್ತರ ಬರೆಯಲೇಬೇಕು. ನನಗೆ ಬೇಡ, ಆ ಮೂವರಿಗೆ ಬರೆಯಿರಿ.

ಇಂತಿ,
ಈ ಪ್ರಕರಣದ ಫಿರ್ಯಾದಿಯೂ ಆರೋಪಿಯೂ ಆದ
ಸೇತುರಾಮ
ಬಸವೇಶ್ವರನಗರ, ಬೆಂಗಳೂರು